ಟ್ರಂಕಿನಲ್ಲಿ ಸಿಕ್ಕ ಗೊಂಬಿ ಅರಿವಿ: ತೊಳೆದು ಮಾರಬೇಕಾ, ಹಾಗೇ ಮಾರಬೇಕಾ?

ಪ್ರಶ್ನೆ: ಅಕ್ಕಾರೆ, ನಮ್ಮದು ಬೆಟಗೇರಿ. ಅಜ್ಜಿ ಹೋದ ಮೇಲೆ ಅವರ ಟ್ರಂಕು ತೆಗೆದೆವು. ಒಳಗೆ ಒಂದು ಬಿಸ್ಕೀಟಿನ ಡಬ್ಬಿ ತುಂಬ ಗೊಂಬೆ ಬಟ್ಟೆ. ಕೌದಿ ಹೊಲಿದು ಉಳಿದ ಚೂರುಗಳಲ್ಲಿ ಅಜ್ಜಿಯೇ ಹೊಲಿದದ್ದು. ಖಣದ ಕುಪ್ಪಸಗಳು, ಇಳಕಲ್ ಸೀರೆಯ ತುಂಡಿನ ಪುಟ್ಟ ಸೀರೆ, ಕಸೂತಿ ಹಾಕಿದ ಕುಂಚಿಗೆ, ಗಂಡು ಗೊಂಬೆಗೆ ಬಿಳಿ ಧೋತರ. ಜೊತೆಗೆ ಕಾಕಾ ಹೊರದೇಶದಿಂದ ತಂದಿದ್ದ ಬಾರ್ಬಿ, ಅದರ ನಾಲ್ಕು ಫ್ರಾಕು. ಗೊಂಬೆಯ ಬೆನ್ನಿನ ಕೆಳಗೆ 1966 ಎಂದಿದೆ. ಬೆಂಗಳೂರಿನ ಒಬ್ಬರು ಎಲ್ಲವನ್ನೂ ಕೊಳ್ಳುತ್ತೇನೆ, ಸ್ವಚ್ಛ ಮಾಡಿ ಫೋಟೊ ಕಳಿಸಿ ಅಂದಿದ್ದಾರೆ. ಧೋತರದ ಮೇಲೆ ಅರಿಷಿಣದ ಕಲೆ ಇತ್ತು. ಅವ್ವ ಸಣ್ಣವಳಿದ್ದಾಗ ಮಾಡಿದ ಗೊಂಬೆ ಮದುವೆಯದಂತೆ. ಬಟ್ಟೆ ತೊಳೆಯುವ ಪುಡಿಯಲ್ಲಿ ನೆನೆಸಿದೆ. ಕಲೆ ಹೋಗುವ ಬದಲು ರಕ್ತದ ಹಾಗೆ ಕೆಂಪಾಯಿತು! ಹೆದರಿ ಅಲ್ಲಿಗೇ ಬಿಟ್ಟೆ. ಒಂದು ಫ್ರಾಕಿನ ಟಿಚ್ ಬಟನ್ ತುಕ್ಕು ಹಿಡಿದಿದೆ. ಎಲ್ಲದಕ್ಕೂ ಡಾಂಬರು ಗುಳಿಗೆಯ ವಾಸನೆ. ಉಳಿದವನ್ನು ತೊಳೆಯಲಾ, ಬೇಡವಾ? ತೊಳೆದರೆ ನೀಲಿ, ಗಂಜಿ ಹಾಕಲಾ?

ಉತ್ತರ: ಮೊದಲು ಆ ಕೆಂಪಿನ ವಿಷಯ ಮುಗಿಸೋಣ, ಯಾಕೆಂದರೆ ನಿಮ್ಮ ಧೋತರ ಇನ್ನೂ ಬುಟ್ಟಿಯಲ್ಲೇ ಇರಬಹುದು.

ಏನೂ ಕೆಟ್ಟಿಲ್ಲ, ಗಾಬರಿ ಬೇಡ. ಅರಿಷಿಣದ ಬಣ್ಣ ಕ್ಷಾರ ತಗುಲಿದರೆ ಕೆಂಪಾಗುತ್ತದೆ. ನಮ್ಮ ಹಿರಿಯರು ಅರಿಷಿಣಕ್ಕೆ ಸುಣ್ಣ ಸೇರಿಸಿ ಕುಂಕುಮ ಮಾಡುತ್ತಿದ್ದದ್ದು ಇದೇ ಗುಣದಿಂದ. ಬಟ್ಟೆ ತೊಳೆಯುವ ಪುಡಿಯೂ ಕ್ಷಾರವೇ. ಅಂದರೆ ನೀವು ಬುಟ್ಟಿಯಲ್ಲಿ ಒಂದು ಚಿಟಿಕೆ ಕುಂಕುಮ ಮಾಡಿದ್ದೀರಿ ಅಷ್ಟೇ. ಧೋತರವನ್ನು ಬರೀ ನೀರಿನಲ್ಲಿ ಐದಾರು ಸಲ ಜಾಲಿಸಿ. ಆಮೇಲೆ ಒಂದು ಲೀಟರ್ ನೀರಿಗೆ ಒಂದು ಚಮಚ ಬಿಳಿ ವಿನೆಗರ್ ಹಾಕಿ ಅದರಲ್ಲಿ ಅದ್ದಿ. ಕೆಂಪು ನಿಮ್ಮ ಕಣ್ಣೆದುರಿಗೇ ಹಳದಿಗೆ ತಿರುಗುತ್ತದೆ. ಮತ್ತೆ ಬರೀ ನೀರಿನಲ್ಲಿ ಜಾಲಿಸಿ.

ಉಳಿದ ಹಳದಿಗೆ ಬಿಸಿಲೇ ಮದ್ದು. ಅರಿಷಿಣದ ಬಣ್ಣ ಬೆಳಕಿಗೆ ತಡೆಯುವುದಿಲ್ಲ. ಒದ್ದೆ ಧೋತರವನ್ನು ಬಿಳಿ ಟವೆಲ್ ಮೇಲೆ ಹಾಸಿ, ಬೆಳಗಿನ ಬಿಸಿಲಿಗೆ ಎರಡು ಮೂರು ತಾಸು ಇಡಿ. ಹೀಗೆ ನಾಲ್ಕೈದು ದಿನ. ಪೂರ್ತಿ ಹೋಗದಿದ್ದರೂ ಹಳೇ ಬೆಣ್ಣೆಯ ಬಣ್ಣಕ್ಕೆ ಬರುತ್ತದೆ. ಆದರೆ ಇದು ಬಿಳಿ ಹತ್ತಿಗೆ ಮಾತ್ರ. ಖಣವನ್ನೋ ರೇಷ್ಮೆಯನ್ನೋ ಅದರ ಪಕ್ಕದಲ್ಲಿ ಒಣಗಲು ಇಟ್ಟೀರಿ ಮತ್ತೆ! ಅರಿಷಿಣವನ್ನು ತಿನ್ನುವ ಬಿಸಿಲು ಖಣದ ಬಣ್ಣವನ್ನೂ ತಿನ್ನುತ್ತದೆ.

ಇನ್ನು ದೊಡ್ಡ ಪ್ರಶ್ನೆ. ತೊಳೆಯಬೇಕಾ? ಮೂವತ್ತು ವರ್ಷದಿಂದ ಧಾರವಾಡದ ನನ್ನ ಮನೆಯಲ್ಲೇ ಹಳೇ ಬಟ್ಟೆ ದುರಸ್ತಿ ಮಾಡುತ್ತಾ ಬಂದಿದ್ದೇನೆ. ನನ್ನ ಹತ್ತಿರ ಬರುವ ಹಾಳಾದ ಬಟ್ಟೆಗಳಲ್ಲಿ ಇಲಿ, ನುಸಿ ತಿಂದವು ಇವೆ, ನಿಜ. ಅವಕ್ಕಿಂತ ಜಾಸ್ತಿ ಇರುವುದು ಮಾರುವ ಹಿಂದಿನ ವಾರ ಹುರುಪಿನಿಂದ ತೊಳೆದವು. ಐವತ್ತು ವರ್ಷ ಟ್ರಂಕಿನಲ್ಲಿ ಸುಮ್ನೆ ಮಲಗಿದ್ದ ಬಟ್ಟೆಗೆ ಒಂದು ಭಾನುವಾರ ಸಾಕು. ಕೊಳ್ಳುವವರು ಹಳೇ ಧೂಳನ್ನು ಒಪ್ಪಿಕೊಳ್ಳುತ್ತಾರೆ, ಹೊಸ ತೂತನ್ನು ಒಪ್ಪುವುದಿಲ್ಲ. ಆದ್ದರಿಂದ ನೀರು ಮುಟ್ಟುವ ಮೊದಲು, ನೀರು ಯಾವುದಕ್ಕೆ ಬೇಡ ಎಂದು ತೀರ್ಮಾನಿಸಿ.

ಮಂಚದ ಮೇಲೆ ಬಿಳಿ ಹಾಸಿಗೆವಸ್ತ್ರ ಹಾಸಿ, ಎಲ್ಲವನ್ನೂ ಒಂದೊಂದೇ ಬಿಡಿಸಿಡಿ. ಈಗಲೇ ಪ್ರತಿಯೊಂದರ ಫೋಟೊ ತೆಗೆಯಿರಿ, ಹಿಂದೆ ಮುಂದೆ ಎರಡೂ. ಆಮೇಲೆ ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಮಡಿಕೆಯ ಗೆರೆಯಲ್ಲಿ ಬೆಳಕು ಸಣ್ಣ ಸಣ್ಣ ಗೀರಾಗಿ ತೂರಿ ಬಂದರೆ ಆ ರೇಷ್ಮೆಯ ಎಳೆ ಮುರಿಯಲು ಶುರುವಾಗಿದೆ. ಅದಕ್ಕೆ ನೀರು ಬೇಡವೇ ಬೇಡ. ಜರಿ ಇದ್ದರೂ ಬೇಡ. ಕಪ್ಪಾದ ಜರಿಗೆ ಹಲ್ಲುಜ್ಜುವ ಪೇಸ್ಟು, ಹುಣಸೆಹಣ್ಣು, ಪಾತ್ರೆ ಬೆಳಗುವ ಪುಡಿ ಹಚ್ಚುವವರಿದ್ದಾರೆ, ದಯವಿಟ್ಟು ಆ ಸಾಲಿಗೆ ಸೇರಬೇಡಿ. ಜರಿಯ ಮೇಲಿನ ಹೊಳಪು ಬಹಳ ತೆಳು. ಉಜ್ಜಿದರೆ ಹೊಳಪು ಬರುವುದಿಲ್ಲ, ಒಳಗಿನ ದಾರ ಕಾಣುತ್ತದೆ. ಮಖಮಲ್ಲಿನ ಫ್ರಾಕು ಇದ್ದರೆ ಅದೂ ಒಣಗಿಯೇ ಇರಲಿ. ಒದ್ದೆಯಾದರೆ ಅದರ ರೋಮ ಮಲಗಿಬಿಡುತ್ತದೆ. ಅರ್ಧ ಇಂಚಿನ ಮೆತ್ತನೆಯ ಪೇಂಟಿಂಗ್ ಬ್ರಷ್‌ನಿಂದ ಧೂಳು ಕೊಡವಿ, ಅಲ್ಲಿಗೆ ಬಿಡಿ. ಬಾರ್ಬಿಯ ಯಾವುದಾದರೂ ಉಡುಪು ಇನ್ನೂ ರಟ್ಟಿಗೇ ಹೊಲಿದಿದ್ದರೆ, ಪೊಟ್ಟಣ ಒಡೆದಿರದಿದ್ದರೆ, ಬ್ರಷ್ಷೂ ಬೇಡ. ಒಡೆಯದ ಪೊಟ್ಟಣಕ್ಕೇ ಬೆಲೆ.

ಉಳಿದವು ಯಾವ ನೂಲಿನವು ಎಂದು ತಿಳಿಯಬೇಕಾದರೆ ಒಳಹೊಲಿಗೆಯಿಂದ ಒಂದೇ ಒಂದು ಎಳೆ ಕಿತ್ತು ಚಿಮಟದಲ್ಲಿ ಹಿಡಿದು ಸುಟ್ಟು ನೋಡಿ, ಬಟ್ಟೆಯಿಂದ ದೂರದಲ್ಲಿ. ಕಾಗದ ಸುಟ್ಟ ವಾಸನೆ ಬಂದರೆ ಹತ್ತಿ ಅಥವಾ ರೇಯಾನ್. ಕೂದಲು ಸುಟ್ಟ ವಾಸನೆ ಬಂದರೆ ರೇಷ್ಮೆ ಅಥವಾ ಉಣ್ಣೆ. ಕರಗಿ ಗಟ್ಟಿ ಗುಂಡಾದರೆ ನೈಲಾನು, ಪಾಲಿಯೆಸ್ಟರು. ಬಾರ್ಬಿ ಫ್ರಾಕುಗಳಲ್ಲಿ ಕೊನೆಯವೇ ಜಾಸ್ತಿ. ರೇಯಾನ್ ಬಗ್ಗೆ ಒಂದು ಎಚ್ಚರಿಕೆ: ಒಣಗಿದ್ದಾಗ ಗಟ್ಟಿ, ಒದ್ದೆಯಾದರೆ ಅರ್ಧ ಬಲವೂ ಇರುವುದಿಲ್ಲ. ನೀರಿನಿಂದ ಎತ್ತುವಾಗಲೇ ಹರಿಯುತ್ತದೆ.

ಬಣ್ಣದ ಪರೀಕ್ಷೆ ಇದಕ್ಕಿಂತ ಮುಖ್ಯ. ಇದರಲ್ಲಿ ನಾನೇ ಒಮ್ಮೆ ಕೆಟ್ಟಿದ್ದೇನೆ. ವರ್ಷಗಳ ಹಿಂದೆ ಗೆಳತಿಯ ಅವ್ವ ಹೊಲಿದ ಗೊಂಬೆ ಕುಂಚಿಗೆ ನನ್ನ ಕೈಗೆ ಬಂತು. ಬಿಳಿ ಬಟ್ಟೆ, ಅದರ ಮೇಲೆ ಹಸಿರು ದಾರದಲ್ಲಿ ತೇರು, ಕೆಂಪು ದಾರದಲ್ಲಿ ನವಿಲು. ಹಸಿರು ಎಳೆಯ ಮೇಲೆ ಒದ್ದೆ ಹತ್ತಿ ಒತ್ತಿ ನೋಡಿದೆ, ಬಣ್ಣ ಬಿಡಲಿಲ್ಲ. ಸರಿ ಎಂದು ಇಡೀ ಕುಂಚಿಗೆಯನ್ನು ನೀರಿಗೆ ಹಾಕಿ ಚಹಾ ಕುಡಿಯಲು ಹೋದೆ. ಬಂದು ನೋಡಿದರೆ ನವಿಲಿನ ಸುತ್ತ ಬಿಳಿ ಬಟ್ಟೆ ಗುಲಾಬಿ! ಹತ್ತೇ ನಿಮಿಷ. ಗೆಳತಿ ಏನೂ ಅನ್ನಲಿಲ್ಲ, ಅದೇ ಜಾಸ್ತಿ ಚುಚ್ಚಿತು.

ಅಂದಿನಿಂದ ಪ್ರತಿ ಬಣ್ಣಕ್ಕೂ ಬೇರೆ ಪರೀಕ್ಷೆ. ಒಂದು ಹತ್ತಿಯ ಕಡ್ಡಿಯನ್ನು ನೀರಲ್ಲಿ ಅದ್ದಿ, ಬಟ್ಟೆಯ ಹಿಂಬದಿಯಿಂದ ಆ ದಾರದ ಮೇಲೆ ಒಂದು ನಿಮಿಷ ಒತ್ತಿ ಹಿಡಿಯಿರಿ. ಆಮೇಲೆ ಸಾಬೂನು ನೀರಿನಲ್ಲಿ ಅದ್ದಿದ ಇನ್ನೊಂದು ಕಡ್ಡಿ. ಬರೀ ನೀರಿಗೆ ಬಿಡದ ಬಣ್ಣ ಸಾಬೂನಿಗೆ ಬಿಡಬಹುದು. ಕಡ್ಡಿಗೆ ಚೂರು ಬಣ್ಣ ಹತ್ತಿದರೂ ಆ ಬಟ್ಟೆಗೆ ನೀರಿಲ್ಲ. ಕೆಂಪು, ಕರಿ, ಗಾಢ ನೀಲಿ, ಈ ಮೂರನ್ನು ನಂಬಬೇಡಿ. ಹೊಸ ಸೀರೆಗೆ ಉಪ್ಪುನೀರು ಹಾಕುವ ಹಾಗೆ ಇದಕ್ಕೂ ಹಾಕಿದರೆ ಬಣ್ಣ ನಿಲ್ಲುತ್ತದೆ ಎಂದು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಬಿಡುವ ಬಣ್ಣ ಉಪ್ಪಿಗೆ ಹೆದರುವುದಿಲ್ಲ. ಅಕಸ್ಮಾತ್ ಬಣ್ಣ ಹರಿದೇಬಿಟ್ಟರೆ ಒಣಗಲು ಬಿಡಬೇಡಿ. ಒಣಗಿದರೆ ಕೂತುಬಿಡುತ್ತದೆ. ತಣ್ಣೀರಿನಲ್ಲೇ ಇಟ್ಟು, ನೀರು ತಿಳಿಯಾಗುವವರೆಗೆ ಬದಲಿಸುತ್ತಾ ಹೋಗಿ.

ಕಸೂತಿಗೆ ಇನ್ನೊಂದು ಸಂಗತಿ ಇದೆ. ನಮ್ಮ ಕಸೂತಿಯಲ್ಲಿ ಗಂಟು ಹಾಕುವುದಿಲ್ಲ, ನಿಮಗೆ ಗೊತ್ತೇ ಇದೆ. ಗವಂತಿ, ಮುರ್ಗಿ ಹೊಲಿಗೆಗಳು ಹಿಂದೆ ಮುಂದೆ ಒಂದೇ ಥರ ಕಾಣುವುದು ಅದರ ಚೆಂದ. ತೊಳೆಯುವಾಗ ಆ ಚೆಂದವೇ ತೊಡಕು. ದಾರದ ತುದಿಗಳು ಪಕ್ಕದ ಹೊಲಿಗೆಯೊಳಗೆ ಸೇರಿಕೊಂಡು ಕೂತಿರುತ್ತವೆ ಅಷ್ಟೇ, ಹಿಡಿದುಕೊಳ್ಳಲು ಏನೂ ಇಲ್ಲ. ಬೆರಳಿನಿಂದ ಉಜ್ಜಿದರೆ ತುದಿ ಹೊರಗೆ ಬರುತ್ತದೆ, ಆಮೇಲೆ ಇಡೀ ಸಾಲು ಬಿಚ್ಚಿಕೊಳ್ಳುತ್ತದೆ. ಹಾಗಾಗಿ ನಿಮ್ಮ ಕುಂಚಿಗೆಯ ಬಣ್ಣ ಪರೀಕ್ಷೆಯಲ್ಲಿ ಪಾಸಾದರೂ ಅದನ್ನು ಉಜ್ಜುವ ಹಾಗಿಲ್ಲ. ಕೊಳ್ಳುವವರು ಮೊದಲು ತಿರುಗಿಸಿ ನೋಡುವುದೂ ಆ ಹಿಂಬದಿಯನ್ನೇ. ಅದರ ಒಂದು ಫೋಟೊ ಹತ್ತಿರದಿಂದ ತೆಗೆದು ಕಳಿಸಿ.

ಇಳಕಲ್ ಸೀರೆಯ ತುಂಡಿನಲ್ಲಿ ಮೈ ಹತ್ತಿ, ಸೆರಗು ರೇಷ್ಮೆ, ಎರಡನ್ನೂ ಕೊಂಡಿ ಹಾಕಿ ಕೂಡಿಸಿರುತ್ತಾರೆ. ಅಜ್ಜಿ ಸೆರಗಿನ ಕಡೆಯಿಂದ ಕತ್ತರಿಸಿದ್ದರೆ ಒಂದೇ ಗೇಣಿನಲ್ಲಿ ಎರಡು ಸ್ವಭಾವ. ಹತ್ತಿ ನೀರಿಗೆ ಕುಗ್ಗುತ್ತದೆ, ರೇಷ್ಮೆ ಅಷ್ಟು ಕುಗ್ಗುವುದಿಲ್ಲ, ಕೂಡಿದ ಜಾಗ ಸುರುಟಿಕೊಳ್ಳುತ್ತದೆ. ಅದನ್ನು ತೊಳೆಯಬೇಡಿ ಎನ್ನುವುದು ನನ್ನ ಅಭಿಪ್ರಾಯ. ಗುಳೇದಗುಡ್ಡದ ಖಣಕ್ಕೂ ಹಾಗೇ, ಅದರಲ್ಲೂ ರೇಷ್ಮೆ ಹತ್ತಿ ಬೆರೆತಿರುತ್ತವೆ. ಬೆವರಿನ ಕಲೆ, ಎಣ್ಣೆ ಜಿಡ್ಡು ಇಲ್ಲದ ಗೊಂಬೆ ಕುಪ್ಪಸವನ್ನು ಯಾಕೆ ತೊಳೆಯಬೇಕು ಹೇಳಿ? ಗೊಂಬೆ ಬೆವರುವುದಿಲ್ಲವಲ್ಲ.

ಹಾಗಾದರೆ ತೊಳೆಯಲು ಉಳಿದದ್ದು ಧೋತರ, ಬಣ್ಣ ಬಿಡದ ಹತ್ತಿ ಬಟ್ಟೆಗಳು, ನೈಲಾನಿನ ಫ್ರಾಕುಗಳು. ಇಲ್ಲಿ ನೀರಿನ ಬಗ್ಗೆ ಯೋಚಿಸಬೇಕು. ನಮ್ಮ ಕಡೆ ನಲ್ಲಿ ನೀರು ಬರುವುದು ನಿಮಗೂ ನನಗೂ ಗೊತ್ತಿರುವ ಹಾಗೆ ಯಾವಾಗಲೋ. ಮಿಕ್ಕ ದಿನ ಬೋರಿನ ನೀರು. ಗಡಸು ನೀರಿನಲ್ಲಿ ಸಾಬೂನು ಹಾಲಿನ ಕೆನೆಯ ಹಾಗೆ ಕಟ್ಟಿ ಎಳೆಗಳ ನಡುವೆ ಕೂರುತ್ತದೆ. ಬಟ್ಟೆ ಒಣಗಿದ ಮೇಲೆ ಬರಬರುತ್ತಾ ಬೂದುಬಣ್ಣ ಕಾಣುತ್ತದೆ. ನೀರಿನಲ್ಲಿ ಕಬ್ಬಿಣದ ಅಂಶ ಇದ್ದರೆ ತಿಂಗಳು ಕಳೆದ ಮೇಲೆ ಕಂದು ಚುಕ್ಕೆಗಳೂ ಬರಬಹುದು. ಅಷ್ಟರಲ್ಲಿ ಬಟ್ಟೆ ಬೆಂಗಳೂರಿನಲ್ಲಿರುತ್ತದೆ, ಫೋನು ನಿಮಗೆ ಬರುತ್ತದೆ. ಓಣಿಯ ಶುದ್ಧ ನೀರಿನ ಘಟಕದಿಂದ ಒಂದು ಕ್ಯಾನ್ ತನ್ನಿ, ಎಲ್ಲ ಬಟ್ಟೆಗೂ ಸಾಕು. ಕೊನೆಯ ಜಾಲಿಸುವಿಕೆಗೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ಒಂದೆರಡು ಬಾಟಲಿ ಇದ್ದರೆ ಇನ್ನೂ ಒಳ್ಳೆಯದು. ಅಂಗಡಿಯಲ್ಲಿ ಸರಿಯಾಗಿ ಹೇಳಿ, ಬ್ಯಾಟರಿ ಆ್ಯಸಿಡ್ ಕೊಟ್ಟಾರು!

ಅಗಲದ ಪರಾತ ತೆಗೆದುಕೊಳ್ಳಿ. ಹಳೇ ಸೊಳ್ಳೆಪರದೆಯ ಒಂದು ತುಂಡನ್ನು ತಳದಲ್ಲಿ ಹಾಸಿ, ಅದರ ಮೇಲೆ ಬಟ್ಟೆ ಇಡಿ. ಒಂದು ಲೀಟರ್ ಉಗುರು ಬೆಚ್ಚಗಿನ ನೀರಿಗೆ ಕಾಲು ಚಮಚ ಉಣ್ಣೆ ಬಟ್ಟೆ ತೊಳೆಯುವ ಲಿಕ್ವಿಡ್ ಸಾಕು. ಪುಡಿ ಬೇಡ. ಉಜ್ಜಬೇಡಿ, ಹಿಂಡಬೇಡಿ, ಬೆರಳ ತುದಿಯಿಂದ ಹಿಟ್ಟು ಒತ್ತಿದ ಹಾಗೆ ಮೆಲ್ಲಗೆ ಒತ್ತಿ ಬಿಡಿ. ಸ್ವಲ್ಪ ಹೊತ್ತಿಗೆ ನೀರು ಹಾಲಿಲ್ಲದ ಚಹಾದ ಬಣ್ಣಕ್ಕೆ ತಿರುಗುತ್ತದೆ. ಬಣ್ಣ ಬಿಟ್ಟಿತು ಎಂದು ಬೆಚ್ಚಬೇಡಿ, ಅದು ಹಳೇ ಹತ್ತಿಯೊಳಗೆ ವರ್ಷಗಟ್ಟಲೆ ಕೂತ ಹುಳಿ, ಧೂಳು. ಅದು ಹೋದರೆ ಬಟ್ಟೆಗೇ ಒಳ್ಳೆಯದು. ಎತ್ತುವಾಗ ಬಟ್ಟೆ ಹಿಡಿಯಬೇಡಿ, ಪರದೆಯ ನಾಲ್ಕು ಮೂಲೆ ಹಿಡಿದು ಎತ್ತಿ. ನೀರು ತಿಳಿಯಾಗುವ ತನಕ ಬದಲಿಸಿ. ಆಮೇಲೆ ಟವೆಲ್ಲಿನಲ್ಲಿ ಸುತ್ತಿ ಅಂಗೈಯಿಂದ ಒತ್ತಿ, ಇನ್ನೊಂದು ಒಣ ಟವೆಲ್ ಮೇಲೆ ನೆರಳಿನಲ್ಲಿ ಹಾಸಿ. ತೋಳು, ಕೊರಳು, ನಿರಿಗೆ ಎಲ್ಲ ಈಗಲೇ ಬೆರಳಿನಿಂದ ತಿದ್ದಿಡಿ. ಹೀಗೆ ಒಣಗಿಸಿದರೆ ಇಸ್ತ್ರಿ ಬೇಕಾಗುವುದಿಲ್ಲ. ನೈಲಾನಿಗಂತೂ ಇಸ್ತ್ರಿ ತೋರಿಸಲೇಬೇಡಿ.

ಅಂಟವಾಳ ಆಗುತ್ತದಾ ಎಂದು ಬಹಳ ಜನ ಕೇಳುತ್ತಾರೆ. ಗಾಢ ಬಣ್ಣದ ಗಟ್ಟಿ ರೇಷ್ಮೆಗೆ ಆಗುತ್ತದೆ. ಬಿಳಿಗೆ ಬೇಡ, ಅದರ ಕಂದು ಬಣ್ಣ ಹತ್ತುತ್ತದೆ.

ನೀಲಿ, ಗಂಜಿ ಎರಡೂ ಬೇಡ. ನೀಲಿ ಹಾಕಿದ ಹಳೇ ಬಿಳಿ ಹೊಸ ಬನಿಯನ್ನಿನ ಹಾಗೆ ಕಾಣುತ್ತದೆ. ಈಗಿನ ಪುಡಿಗಳಲ್ಲಿ ಬೆಳ್ಳಗೆ ಹೊಳೆಯಿಸುವ ರಾಸಾಯನಿಕವೂ ಇರುತ್ತದೆ, ನೇರಳೆ ಬೆಳಕಿನ ಟಾರ್ಚು ಹಿಡಿದರೆ ಬಟ್ಟೆ ನೀಲಿಯಾಗಿ ಮಿಂಚುತ್ತದೆ. ಹಳೇ ವಸ್ತು ಕೊಳ್ಳುವ ಕೆಲವರು ಆ ಟಾರ್ಚು ಇಟ್ಟುಕೊಂಡಿರುತ್ತಾರೆ. ನಿಮ್ಮ ಧೋತರ ಈಗಾಗಲೇ ಪುಡಿ ಕಂಡಿದೆ, ಆದದ್ದಾಯಿತು, ಕೊಳ್ಳುವವರಿಗೆ ಒಂದು ಮಾತು ಹೇಳಿಬಿಡಿ. ಇನ್ನು ಗಂಜಿ. ಅದರ ವಾಸನೆ ಹಿಡಿದು ಬರುವವು ಬೆಳ್ಳಿಮೀನಿನಂಥ ಆ ಚಪ್ಪಟೆ ಹುಳಗಳು. ಅವುಗಳಿಗೆ ಗಂಜಿ ಎಂದರೆ ಹಬ್ಬದ ಊಟ, ಗಂಜಿಯ ಜೊತೆಗೆ ಬಟ್ಟೆಯನ್ನೂ ಕೆರೆದು ತಿನ್ನುತ್ತವೆ. ಬ್ಲೀಚಿನ ಮಾತು ನೀವು ಎತ್ತಿಲ್ಲ, ಒಳ್ಳೆಯದಾಯಿತು. ರೇಷ್ಮೆ, ಉಣ್ಣೆಗೆ ಅದು ವಿಷ. ತುಕ್ಕಿನ ಕಲೆಯನ್ನು ಹೋಗಿಸುವ ಬದಲು ಗಟ್ಟಿ ಮಾಡುತ್ತದೆ.

ತುಕ್ಕು ಎಂದ ಕೂಡಲೇ ಆ ಟಿಚ್ ಬಟನ್ ನೆನಪಾಯಿತು. ಅದು ಬಟ್ಟೆಯ ಮೇಲಿರುವಾಗ ಫ್ರಾಕನ್ನು ನೀರಿಗೆ ಹಾಕಬೇಡಿ, ತುಕ್ಕು ಹರಡುತ್ತದೆ. ಮೊದಲು ಅದು ಎಲ್ಲಿದೆ, ಯಾವ ದಾರದಲ್ಲಿ ಹೇಗೆ ಹೊಲಿದಿದೆ ಎಂದು ಫೋಟೊ ತೆಗೆಯಿರಿ. ಆಮೇಲೆ ಉಗುರು ಕತ್ತರಿಯ ತುದಿಯಿಂದ ದಾರ ಮಾತ್ರ ಕತ್ತರಿಸಿ ಬಟನ್ ತೆಗೆದಿಡಿ. ಎಸೆಯಬೇಡಿ, ಹೊಸದನ್ನೂ ಹಚ್ಚಬೇಡಿ. ತುಕ್ಕು ಹಿಡಿದ ಮೂಲ ಬಟನ್ನೇ ಬೇಕು ಎನ್ನುವವರಿದ್ದಾರೆ, ಅದು ಕಾಲದ ಗುರುತು. ಬಟ್ಟೆಯ ಮೇಲಿನ ತುಕ್ಕಿನ ಕಲೆ ಬಿಳಿ ಹತ್ತಿಯದಾಗಿದ್ದರೆ ನಿಂಬೆರಸ ಎರಡು ಹನಿ ಬಿಟ್ಟು ಹತ್ತು ನಿಮಿಷಕ್ಕೆ ಚೆನ್ನಾಗಿ ಜಾಲಿಸಿ, ಬೇಕಿದ್ದರೆ ಮತ್ತೊಮ್ಮೆ. ಬಣ್ಣದ ಬಟ್ಟೆಗೆ ನಿಂಬೆ ಬೇಡ. ಅಲ್ಲಿ ತುಕ್ಕು ಹಾಗೇ ಇರಲಿ.

ಫ್ರಾಕುಗಳನ್ನು ಗೊಂಬೆಯ ಮೈಮೇಲೇ ಒಣಗಿಸುವ ಆಸೆ ಆಗುತ್ತದೆ, ಆಕಾರ ಸರಿಯಾಗಿ ಕೂರುತ್ತದೆ ಎಂದು. ಬೇಡ. ಗೊಂಬೆಯ ಪಿವಿಸಿ ಮೈ ಒದ್ದೆ ಬಟ್ಟೆಯ ಬಣ್ಣವನ್ನು ಹೀರಿಕೊಂಡರೆ ಮತ್ತೆ ಬಿಡುವುದಿಲ್ಲ. ಒಣ ಬಟ್ಟೆಯೂ ಕಡುಬಣ್ಣದ್ದಾದರೆ ವರ್ಷಗಳಲ್ಲಿ ಕಲೆ ಮಾಡುತ್ತದೆ. ಗೊಂಬೆ ಬೇರೆ, ಬಟ್ಟೆ ಬೇರೆ ಇಡಿ. ಹಳೇ ಗೊಂಬೆಯ ಕಾಲು ಮುಟ್ಟಿದರೆ ಅಂಟಂಟು ಆಗಿದ್ದರೆ ಒಳಗಿನ ಎಣ್ಣೆ ಹೊರಬರುತ್ತಿದೆ ಎಂದರ್ಥ, ಅದು ಬಟ್ಟೆಗೂ ಹತ್ತುತ್ತದೆ.

1966ರ ಬಗ್ಗೆ ನಿಮಗೆ ಸ್ವಲ್ಪ ನಿರಾಸೆ ಮಾಡಬೇಕಾಗಿದೆ. ಬಾರ್ಬಿ ಮೊದಲು ಮಾರಾಟಕ್ಕೆ ಬಂದದ್ದು 1959ರಲ್ಲಿ. ಬೆನ್ನಿನ ಮೇಲಿನ 1966 ಆ ಮೈಯ ಅಚ್ಚಿನ ಹಕ್ಕುಸ್ವಾಮ್ಯದ ವರ್ಷ. ಅದೇ ಅಚ್ಚನ್ನು ದಶಕಗಳ ಕಾಲ ಬಳಸಿದರು, 1980, 90ರ ದಶಕದ ಗೊಂಬೆಗಳ ಬೆನ್ನಿನಲ್ಲೂ 1966 ಇರುತ್ತದೆ. ಕಾಕಾ ಯಾವ ವರ್ಷ ತಂದರು ಎಂದು ಮನೆಯಲ್ಲಿ ಕೇಳಿ, ಅದು ಬೆನ್ನಿನ ಅಂಕಿಗಿಂತ ಗಟ್ಟಿ ಸಾಕ್ಷಿ. ಜಾಹೀರಾತಿನಲ್ಲಿ ‘1966ರ ಗೊಂಬೆ’ ಎಂದು ಬರೆಯಬೇಡಿ, ‘ಬೆನ್ನಿನ ಮೇಲೆ 1966 ಎಂದು ಇದೆ’ ಎಂದು ಬರೆಯಿರಿ. ಫ್ರಾಕಿನ ಒಳಗೆ ಹೊಲಿದ ಸಣ್ಣ ಹೆಸರಿನ ಪಟ್ಟಿ ಇದ್ದರೆ ಅದನ್ನು ಕತ್ತರಿಸಬೇಡಿ, ಉಜ್ಜಬೇಡಿ. ಚುಚ್ಚುತ್ತದೆ ಎಂದು ನಮ್ಮ ಮಕ್ಕಳ ಅಂಗಿಯದನ್ನು ಕತ್ತರಿಸುವ ರೂಢಿ ನಮಗೆ!

ವಾಸನೆಗೆ ಅವಸರದ ಉಪಾಯ ಇಲ್ಲ. ಡಾಂಬರು ಗುಳಿಗೆ ತಾನಾಗಿ ಹಾರಿಹೋಗುವ ವಸ್ತು, ಗಾಳಿ ಕೊಟ್ಟರೆ ಹೋಗುತ್ತದೆ. ಬೇರೆ ಕೋಣೆಯಲ್ಲಿ, ಫ್ಯಾನಿನ ಗಾಳಿಗೆ, ನೆರಳಿನಲ್ಲಿ ಹದಿನೈದು ದಿನ ಹರವಿಡಿ. ಸೆಂಟು, ಊದಿನಕಡ್ಡಿ ಹಚ್ಚಿ ಮುಚ್ಚಿಡಲು ನೋಡಬೇಡಿ, ಎರಡು ವಾಸನೆ ಆಗುತ್ತದೆ. ಮತ್ತೆ ಗುಳಿಗೆ ಹಾಕಲೂಬೇಡಿ. ಅದರ ಹಬೆಗೆ ಕೆಲವು ಪ್ಲಾಸ್ಟಿಕ್ ಮೆತ್ತಗಾಗುತ್ತದೆ, ಗೊಂಬೆಯ ಸಾಮಾನಿಗೆ ಒಳ್ಳೆಯದಲ್ಲ. ಹಸುಗೂಸಿಗಂತೂ ಆ ವಾಸನೆಯ ಬಟ್ಟೆ ಕೊಡಲೇಬಾರದು, ಕೆಲವು ಕೂಸುಗಳಿಗೆ ಅದು ರಕ್ತಕ್ಕೆ ತೊಂದರೆ ಮಾಡುತ್ತದೆ. ಹುಳದ ಅನುಮಾನ ಇದ್ದರೆ ಪೂರ್ತಿ ಒಣಗಿದ ಬಟ್ಟೆಯನ್ನು ಜಿಪ್ ಚೀಲದಲ್ಲಿ ಹಾಕಿ ಎರಡು ವಾರ ಡೀಪ್ ಫ್ರೀಜರಿನಲ್ಲಿಡಿ. ಫ್ರಿಜ್ಜಿನ ಮೇಲಿನ ಐಸಿನ ಖಾನೆ ಸಾಲದು, ಮೈನಸ್ 18 ಡಿಗ್ರಿ ಬೇಕು. ಹೊರಗೆ ತೆಗೆದ ಮೇಲೆ ಚೀಲ ಕೋಣೆಯ ಬಿಸಿಗೆ ಬರುವ ತನಕ ಬಾಯಿ ತೆರೆಯಬೇಡಿ, ಇಲ್ಲವಾದರೆ ಬಟ್ಟೆಯ ಮೇಲೆ ನೀರು ಕೂರುತ್ತದೆ.

ಬೆಂಗಳೂರಿನವರನ್ನು ಒಂದು ಮಾತು ಕೇಳಿ: ಸಂಗ್ರಹಕ್ಕೆ ಕೊಳ್ಳುತ್ತೀರಾ, ಮಕ್ಕಳ ಆಟಕ್ಕಾ? ಸಂಗ್ರಹದವರು ‘ಸ್ವಚ್ಛ ಮಾಡಿ’ ಅಂದರೆ ಧೂಳು ಕೊಡವಿ ಅಂತಲೇ ಅರ್ಥ. ಅಜ್ಜಿಯ ಬಟ್ಟೆಗಳಿಗೆ ನಿಜವಾದ ಬೆಲೆ ಬರುವುದು ಅವರ ಕೈಹೊಲಿಗೆಗೆ, ಅದರ ಕತೆಗೆ. ಅವ್ವನನ್ನು ಕೂರಿಸಿಕೊಂಡು ಯಾವ ಬಟ್ಟೆ ಯಾವ ಗೊಂಬೆಯದು, ಮದುವೆಯಲ್ಲಿ ಯಾರು ಬೀಗರಾಗಿದ್ದರು, ಆಗ ತಾನು ಎಷ್ಟನೇ ಇಯತ್ತೆಯಲ್ಲಿದ್ದೆ ಎಂದು ಕೇಳಿ ಚೀಟಿಯಲ್ಲಿ ಬರೆಯಿರಿ. ಆ ಅರಿಷಿಣದ ಕಲೆ ಪೂರ್ತಿ ಹೋಗದಿದ್ದರೆ ಒಳ್ಳೆಯದೇ ಆಯಿತು ಅಂತ ನನಗೆ ಒಳಗೊಳಗೆ ಅನ್ನಿಸುತ್ತಿದೆ. ಕಲೆಯ ಫೋಟೊವನ್ನು ಚೀಟಿಯ ಪಕ್ಕದಲ್ಲಿ ಹಾಕಿ. ಹೊರದೇಶದವರು ಕೇಳಿದರೆ ಮಾತ್ರ ಒಂದು ವಿಷಯ ನೆನಪಿರಲಿ: ಪುರಾತನ ವಸ್ತುಗಳ ಬಗೆಗಿನ 1972ರ ಕಾಯಿದೆ ಪ್ರಕಾರ ನೂರು ವರ್ಷ ದಾಟಿದ ಕಲಾವಸ್ತು ದೇಶದ ಹೊರಗೆ ಕಳಿಸುವ ಹಾಗಿಲ್ಲ. ಅವ್ವನ ಬಾಲ್ಯದ ಬಟ್ಟೆಗೆ ಆ ಚಿಂತೆ ಇಲ್ಲ, ಅದರ ಕೆಳಗೆ ಇನ್ನೂ ಹಳೆಯದು ಸಿಕ್ಕರೆ ಯೋಚಿಸಿ.

ಕಳಿಸುವಾಗ ಪ್ಲಾಸ್ಟಿಕ್ ಚೀಲದೊಳಗೆ ಬಟ್ಟೆ ನೇರವಾಗಿ ಇಡಬೇಡಿ, ಅದರಲ್ಲೂ ಮಳೆಗಾಲದಲ್ಲಿ. ಹತ್ತಾರು ಸಲ ತೊಳೆದು ಮೆತ್ತಗಾದ ಬಿಳಿ ಮಲ್‌ಮಲ್ಲಿನಲ್ಲಿ ಒಂದೊಂದನ್ನೇ ಸುತ್ತಿ. ಹಳೇ ಮಡಿಕೆಯ ಗೆರೆಯ ಮೇಲೆ ಮತ್ತೆ ಮಡಚಬೇಡಿ, ಆ ಗೆರೆಯಲ್ಲೇ ಹರಿಯುವುದು. ಮಡಿಕೆಯ ಒಳಗೆ ಮಲ್‌ಮಲ್ಲಿನದೇ ಒಂದು ಸುರುಳಿ ಇಟ್ಟು ಸಡಿಲವಾಗಿ ಮಡಚಿ, ರಟ್ಟಿನ ಡಬ್ಬಿಯಲ್ಲಿ ಇಡಿ. ಪತ್ರಿಕೆಯ ಕಾಗದ ತುರುಕಬೇಡಿ, ಮಸಿ ಹತ್ತುತ್ತದೆ. ಆ ತುಕ್ಕಿನ ಟಿಚ್ ಬಟನ್ನನ್ನು ಒಂದು ಪುಟ್ಟ ಪೊಟ್ಟಣದಲ್ಲಿ ಕಟ್ಟಿ, ಯಾವ ಫ್ರಾಕಿನದು ಎಂದು ಬರೆದು, ಡಬ್ಬಿಯ ಮುಚ್ಚಳದ ಒಳಗೆ ಅಂಟಿಸಿ. ಬಟ್ಟೆಗೆ ತಾಗದ ಹಾಗೆ.